ವೂಫರು ಕೆಟ್ಟರೆ ಪೆಟ್ಟಿಗೆಯೇ ಕೆಟ್ಟಿತೆ?

ಮೇಲುಕೋಟೆಯ ವೈರಮುಡಿಯಿಂದ ಹೇಮಗಿರಿಯ ಜಾತ್ರೆಯವರೆಗೆ, ಗಣಪತಿ ಪೆಂಡಾಲಿನಿಂದ ಕಾಲೇಜು ದಿನಾಚರಣೆಯವರೆಗೆ, ಧ್ವನಿವರ್ಧಕವಿಲ್ಲದೆ ನಮ್ಮ ಸೀಮೆಯಲ್ಲಿ ಯಾವ ಕಾರ್ಯವೂ ನಡೆಯದು. ಅದರಲ್ಲಿ ವೂಫರೊಂದು ಕೆಟ್ಟಿತೋ, ‘ಪೆಟ್ಟಿಗೆಯೇ ಹೋಯಿತು, ಹೊಸದು ತನ್ನಿ’ ಎಂಬ ತೀರ್ಪು ಹೊರಡುತ್ತದೆ. ಸಂಘದ ಹಣ ಯಾರಪ್ಪನದೂ ಅಲ್ಲವಲ್ಲ!

ಈ ತೀರ್ಪನ್ನು ನಾನು ಒಪ್ಪಲಾರೆ. ಅಯಸ್ಕಾಂತವೂ ಚೌಕಟ್ಟೂ ನೆಟ್ಟಗಿದ್ದು ಕೋನೋ ಸುರುಳಿಯೋ ಮಾತ್ರ ಕೆಟ್ಟಿದ್ದರೆ, ಅವನ್ನಷ್ಟೇ ಬದಲಿಸಿ ರೀಕೋನ್ ಮಾಡಿಸಬಹುದು. 8 ಓಮಿನ ವೂಫರು ಮೀಟರಿನಲ್ಲಿ ಸುಮಾರು 6 ಓಮ್ ತೋರಿಸಬೇಕು. ಮುಳ್ಳು ಅಲುಗದಿದ್ದರೆ ಸುರುಳಿ ಕಡಿದಿದೆ. ಕೋನನ್ನು ಮೆಲ್ಲಗೆ ಒತ್ತಿದಾಗ ಕರಕರ ಎಂದರೆ ಸುರುಳಿ ಉಜ್ಜುತ್ತಿದೆ. ಕಲಾ ಕಾಲೇಜಿನವನಿಗೆ ಓಮಿನ ಗೊಡವೆಯೇಕೆಂದು ನಗುವವರಿರಬಹುದು; ಸುಟ್ಟದ್ದಕ್ಕೆ ಬೆಲೆ ತೆರುವವರು ನಾವೇ ತಾನೆ?

ಹೊಸ ವೂಫರನ್ನೇ ಕೂರಿಸುವುದಾದರೆ 12 ಅಂಗುಲಕ್ಕೆ 12 ಅಂಗುಲ ಎಂದರೆ ಸಾಲದು. 8 ಓಮಿನ ಜಾಗಕ್ಕೆ 4 ಓಮಿನದು ಬಂದರೆ ಆಂಪ್ಲಿಫೈಯರಿನ ಹೊರೆ ಹೆಚ್ಚುತ್ತದೆ, ಕ್ರಾಸ್‌ಓವರಿನ ಲೆಕ್ಕವೂ ತಪ್ಪುತ್ತದೆ. ಪೆಟ್ಟಿಗೆಯ ಗಾತ್ರಕ್ಕೂ ವೂಫರಿನ ಗುಣಕ್ಕೂ ಇರುವ ನಂಟನ್ನು ಆಸ್ಟ್ರೇಲಿಯದ ಥೀಲ್ 1961ರಲ್ಲೇ ಲೆಕ್ಕಹಾಕಿ ತೋರಿಸಿದ್ದಾರೆ. ತಂತಿ ಅದಲುಬದಲಾದರಂತೂ ಜೋಡಿ ಪೆಟ್ಟಿಗೆಗಳು ಒಂದರ ಮಂದ್ರವನ್ನು ಇನ್ನೊಂದು ನುಂಗುತ್ತವೆ. 1.5 ವೋಲ್ಟಿನ ಸೆಲ್ಲನ್ನು ಧನಕ್ಕೆ ಧನ ಸೇರುವಂತೆ ಕ್ಷಣಕಾಲ ಮುಟ್ಟಿಸಿ, ಎರಡೂ ಕೋನುಗಳು ಮುಂದಕ್ಕೆ ಬರುವುವೇ ಎಂದು ನೋಡಿಕೊಳ್ಳಬೇಕು.

ಇಷ್ಟು ಮಾಡಿಯೂ ಮೆರವಣಿಗೆಯ ಉತ್ಸಾಹದಲ್ಲಿ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿ ಧ್ವನಿ ಒಡೆಯುವಂತೆ ಬಾರಿಸಿದರೆ, ಹೊಸ ಸುರುಳಿಯೂ ಅದೇ ರಾತ್ರಿ ಸುಟ್ಟೀತು.