ನೆಲ ಡೊಂಕೆಂದವರಿಗೆ

ನಮ್ಮಪ್ಪ ಶಿವಮೊಗ್ಗದಲ್ಲಿ ಮನೆ ಕಟ್ಟಿಸಿದ್ದು 1974ರಲ್ಲಿ. ಮೂವತ್ತು ನಲವತ್ತರ ಸೈಟು, ಮೇಲೆ ತಾರಸಿ, ಒಳಗೆಲ್ಲ ಕೆಂಪು ಗಾರೆಯ ನೆಲ. ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ಆ ಮನೆ ನನಗೂ ತಮ್ಮನಿಗೂ ಸೇರಿತು. ಮಾರಿಬಿಡೋಣ ಅಂದ ತಮ್ಮ. ನಾನೂ ಹೂಂ ಅಂದೆ. ಅಷ್ಟರಲ್ಲಿ ಅಮೆರಿಕದಲ್ಲಿರುವ ಅವನ ಮಗ ಫೋನ್ ಮಾಡಿ, "ಅತ್ತೆ, ಮಾರೋ ಮುಂಚೆ ನೆಲ ಕಿತ್ತು ಮರದ ಫ್ಲೋರಿಂಗ್ ಹಾಕಿಸಿ. ಇಲ್ಲೆಲ್ಲ ಅದಿದ್ರೆ ರೇಟೇ ಬೇರೆ" ಎಂದ. ತಮ್ಮ ಮಾರನೆಯ ದಿನವೇ ಒಬ್ಬ ಗುತ್ತಿಗೆದಾರನನ್ನು ಕರೆತಂದ. ಅಸಲು ಮರವಾದರೆ ಐದೂವರೆ ಲಕ್ಷ, 'ಲ್ಯಾಮಿನೇಟ್' ಆದರೆ ಎರಡು ಲಕ್ಷದ ಒಳಗೆ ಎಂದು ಆತ ಲೆಕ್ಕ ಕೊಟ್ಟ. ನಾನು ಬೇಡ ಎಂದೆ. "ಅಕ್ಕಂಗೆ ಹಳೇದರ ಮೇಲೆ ಮೋಹ" ಎಂದು ತಮ್ಮ ನಕ್ಕ.

ಈ ಮಾತು ನನಗೆ ಚುಚ್ಚಿತು, ಏಕೆಂದರೆ ಅದು ನಿಜವಲ್ಲ. ಮೋಹವಿದ್ದಿದ್ದರೆ ಮಾರಲು ಏಕೆ ಒಪ್ಪುತ್ತಿದ್ದೆ? ನನಗೂ ದುಡ್ಡು ಬೇಕು. ನಿವೃತ್ತಿಗೆ ಹೆಚ್ಚು ವರ್ಷ ಉಳಿದಿಲ್ಲ. ಮಗಳ ಓದಿನ ಸಾಲ ಇನ್ನೂ ಇದೆ. ದುಡ್ಡು ಬೇಕಾಗಿರುವುದರಿಂದಲೇ ಬೇಡ ಎಂದೆ. ಆದ್ದರಿಂದ ಭಾವನೆಯ ಮಾತು ಬದಿಗಿಟ್ಟು ಲೆಕ್ಕದ ಮಾತನ್ನೇ ಆಡುತ್ತೇನೆ.

ಮೊದಲು ಅಮೆರಿಕದ ಲೆಕ್ಕ. ಅಲ್ಲಿಯ ರಿಯಲ್ಟರುಗಳ ರಾಷ್ಟ್ರೀಯ ಸಂಘ 2022ರಲ್ಲಿ ಒಂದು ವರದಿ ಹೊರತಂದಿತು. ಅದರ ಪ್ರಕಾರ ಹೊಸದಾಗಿ ಮರದ ನೆಲ ಹಾಕಿಸಲು ನೂರು ಡಾಲರ್ ಖರ್ಚು ಮಾಡಿದರೆ ಮನೆ ಮಾರುವಾಗ 118 ಡಾಲರ್ ಮರಳಿ ಬರುತ್ತದಂತೆ. ಸೋದರಳಿಯ ಹೇಳಿದ್ದು ಸುಳ್ಳಲ್ಲ. ಆದರೆ ಅದೇ ವರದಿಯಲ್ಲಿ ಇನ್ನೊಂದು ಅಂಕಿ ಇದೆ. ಇರುವ ಹಳೆಯ ಮರದ ನೆಲವನ್ನೇ ಉಜ್ಜಿ ಪಾಲಿಶ್ ಮಾಡಿಸಿದರೆ ನೂರಕ್ಕೆ 147 ಬರುತ್ತದೆ! ಮನೆ ಮಾರಿಸಿ ಬದುಕುವವರ ಅಂದಾಜಿನಲ್ಲೇ ಹೊಸದಕ್ಕಿಂತ ಹಳೆಯದನ್ನು ನೇರ್ಪು ಮಾಡುವುದು ಹೆಚ್ಚು ಲಾಭ. ಅಮೆರಿಕವನ್ನೇ ಅನುಕರಿಸಬೇಕಾದರೆ ಈ ಬುದ್ಧಿಯನ್ನು ಅನುಕರಿಸೋಣ, ಅವರ ಹಲಗೆಯನ್ನಲ್ಲ.

ಅವರ ಹಲಗೆ ಅವರಿಗೆ ಸರಿ. ಅಲ್ಲಿ ಎಷ್ಟೋ ಮನೆಗಳ ಚೌಕಟ್ಟೇ ಮರದ್ದು. ಚಳಿಗಾಲದಲ್ಲಿ ಹೊರಗೆ ಹಿಮ, ಒಳಗೆ ಯಂತ್ರದ ಕಾವು. ಅಂಥ ಕಡೆ ಕಲ್ಲಿನ ನೆಲ ಕಾಲನ್ನು ಕೊರೆಯುತ್ತದೆ, ಮರ ಬೆಚ್ಚಗಿರುತ್ತದೆ. ಮುಕ್ಕಾಲು ಇಂಚು ದಪ್ಪದ ಅಸಲು ಓಕ್ ಹಲಗೆಯನ್ನು ಹಲವು ಸಲ ಉಜ್ಜಿ ಹೊಸದು ಮಾಡಬಹುದು. ನಮ್ಮಲ್ಲಿ? ಏಪ್ರಿಲ್ ತಿಂಗಳಲ್ಲಿ ಮಧ್ಯಾಹ್ನ ಊಟವಾದ ಮೇಲೆ ಬರೀ ನೆಲದ ಮೇಲೆ ಒರಗಿದವರಿಗೆ ಗೊತ್ತು ನೆಲ ತಂಪಾಗಿರಬೇಕೋ ಬೆಚ್ಚಗಿರಬೇಕೋ ಎಂದು. ಆರಿದ್ರಾ, ಪುನರ್ವಸು ಮಳೆಯಲ್ಲಿ ವಾರಗಟ್ಟಲೆ ಬಟ್ಟೆ ಒಣಗದ ಊರಿನಲ್ಲಿ ಹಲಗೆ ಒಣಗಿರುತ್ತದೆಯೇ?

ನಮ್ಮ ಹಿರಿಯರಿಗೆ ಮರ ಗೊತ್ತಿರಲಿಲ್ಲವೆಂದು ಯಾರೂ ಹೇಳಲಾರರು. ಸಾಗುವಾನಿ, ಬೀಟೆ, ಹೊನ್ನೆ, ಮತ್ತಿ, ಹಲಸು ಬೆಳೆದ ಸೀಮೆಯಿದು. ಕಂಬಕ್ಕೆ, ತೊಲೆಗೆ, ಬಾಗಿಲಿಗೆ, ಮಾಳಿಗೆಗೆ ಹಲಗೆಯನ್ನು ಧಾರಾಳವಾಗಿ ಹಾಕಿದರು. ಕೆಳಗಿನ ನೆಲಕ್ಕೆ ಮಾತ್ರ ಮಣ್ಣು ಬಡಿದು ಸಗಣಿ ಸಾರಿಸಿದರು. ಮುಂದೆ ಗಾರೆ ಬಂತು. ಮರ ಅಗ್ಗವಾಗಿ ಸಿಗುತ್ತಿದ್ದ ಕಾಲದಲ್ಲೂ ಅದನ್ನು ಕಾಲಡಿಗೆ ಹಾಸಲಿಲ್ಲ. ಏಕೆ? ನೆಲದಿಂದ ಥಂಡಿ ಏರುತ್ತದೆ, ಅದರ ಹಿಂದೆಯೇ ಗೆದ್ದಲು ಏರುತ್ತದೆ. ಈ ಪಾಠ ಕಲಿಯಲು ಬಿಎ, ಬಿಎಡ್ ಬೇಕಿಲ್ಲ.

ಇನ್ನು ಎರಡು ಲಕ್ಷದ ಲ್ಯಾಮಿನೇಟ್. ಅದು ಮರವಲ್ಲ, ಮರದ ಫೋಟೋ. ಮರದ ನಾರನ್ನು ಅಂಟು ಸೇರಿಸಿ ಒತ್ತಿದ ರಟ್ಟಿನಂಥ ಹಲಗೆ, ಅದರ ಮೇಲೆ ಮರದ ಗೆರೆಗಳನ್ನು ಅಚ್ಚು ಹಾಕಿದ ಕಾಗದ, ಕಾಗದ ಸವೆಯದಂತೆ ಒಂದು ಪಾರದರ್ಶಕ ಪದರ. ಸಂದಿಯಲ್ಲಿ ನೀರು ಇಳಿದರೆ ಊದುತ್ತದೆ, ಊದಿದ್ದು ಮತ್ತೆ ಸರಿಯಾಗಿ ಕೂರುವುದಿಲ್ಲ. ಉಜ್ಜೋಣವೆಂದರೆ ಕಾಗದವೇ ಹರಿಯುತ್ತದೆ. ನನ್ನ ಸಹೋದ್ಯೋಗಿಯೊಬ್ಬರು ಹಜಾರಕ್ಕೆ ಹಾಕಿಸಿದ್ದರು. ದಿನಾ ಬೆಳಿಗ್ಗೆ ಬಕೆಟ್ ನೀರಿನಲ್ಲಿ ಬಟ್ಟೆ ಅದ್ದಿ ನೆಲ ಒರೆಸುವ ಮನೆ ಅವರದು. ಎರಡನೆಯ ಮಳೆಗಾಲಕ್ಕೆ ಬಾಗಿಲ ಬಳಿ ಹಲಗೆಗಳು ದೋಣಿಯ ಹಾಗೆ ತುದಿ ಎತ್ತಿದವು. ಆಮೇಲೆ ಅವರು ಅದರ ಮೇಲೊಂದು ಜಮಖಾನ ಹಾಸಿದರು. ಒಂದು ನೆಲ ಮುಚ್ಚಲು ಇನ್ನೊಂದು, ಅದನ್ನು ಮುಚ್ಚಲು ಮತ್ತೊಂದು!

ಮನೆಯ ಬೆಲೆ ಎಲ್ಲಿ ಹುಟ್ಟುತ್ತದೆ ಎಂಬುದನ್ನೂ ನೋಡೋಣ. ನಮ್ಮ ಮನೆ ನೋಡಲು ಬಂದ ದಲ್ಲಾಳಿ ಕೇಳಿದ್ದು: ಸೈಟಿನ ಅಳತೆ ಎಷ್ಟು, ಬಾಗಿಲು ಯಾವ ದಿಕ್ಕಿಗೆ, ರಸ್ತೆ ಎಷ್ಟು ಅಡಿ, ಖಾತೆ ಯಾರ ಹೆಸರಿನಲ್ಲಿದೆ, ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ. ನೆಲದ ಬಗ್ಗೆ ಒಂದು ಪ್ರಶ್ನೆಯಿಲ್ಲ. ಬ್ಯಾಂಕಿನವರು ಸಾಲಕ್ಕಾಗಿ ಬೆಲೆ ಕಟ್ಟುವಾಗಲೂ ಜಾಗಕ್ಕೆ ಬೇರೆ, ಕಟ್ಟಡಕ್ಕೆ ಬೇರೆ ಬೆಲೆ ಹಾಕಿ, ಕಟ್ಟಡದ ವಯಸ್ಸಿಗೆ ತಕ್ಕಂತೆ ಕಳೆಯುತ್ತಾರೆ. ಐವತ್ತು ವರ್ಷದ ಮನೆಯಲ್ಲಿ ಉಳಿಯುವುದು ಜಾಗದ ಬೆಲೆಯೇ. ಕೊಂಡವರು ಬಹಳಷ್ಟು ಸಲ ಹಳೆಯದನ್ನು ಕೆಡವಿ ಮೂರು ಅಂತಸ್ತು ಏರಿಸುತ್ತಾರೆ. ಜೆಸಿಬಿಯ ಹಲ್ಲಿಗೆ ಗಾರೆಯೂ ಒಂದೇ, ಓಕ್ ಮರವೂ ಒಂದೇ.

"ಕೆಂಪು ನೆಲ ಅಂದ್ರೆ ಬಡವರ ಮನೆ ಅನ್ಸುತ್ತೆ ಅಕ್ಕ" ಎಂದ ತಮ್ಮ. ಇದು ಅವನೊಬ್ಬನ ಮಾತಲ್ಲ. ಬೆಂಗಳೂರಿನಲ್ಲಿ 2008ರಲ್ಲಿ ಆಸ್ತಿ ತೆರಿಗೆಗಾಗಿ ಮನೆಗಳನ್ನು ದರ್ಜೆ ಮಾಡಿದಾಗ, ಸಿಮೆಂಟ್ ಅಥವಾ ರೆಡ್ ಆಕ್ಸೈಡ್ ನೆಲದ ತಾರಸಿ ಮನೆಗಳನ್ನು ಬೇರೆ ಸಾಲಿಗೆ ಸೇರಿಸಿ ಕಡಿಮೆ ದರ ಹಾಕಿದರು. ತೆರಿಗೆ ಕಡಿಮೆಯಾದದ್ದು ಸಂತೋಷ. ಆದರೆ ನೆಲ ನೋಡಿ ಮನೆಯವರ ಯೋಗ್ಯತೆ ಅಳೆಯುವ ರೂಢಿಯನ್ನು ನಾವು ಎಷ್ಟು ಸಹಜವಾಗಿ ನುಂಗಿಕೊಂಡಿದ್ದೇವೆ! ಆ ನೆಲಕ್ಕೆ ಗಾರೆಯವರು ಬಣ್ಣ ಬೆರೆಸಿ, ಕರಣೆಯಲ್ಲಿ ತಿಕ್ಕಿ ತಿಕ್ಕಿ ಕನ್ನಡಿ ಮಾಡಿ, ದಿನಗಟ್ಟಲೆ ನೀರು ಕಟ್ಟಿ ಕಾದಿರುತ್ತಾರೆ. ಅಂಥ ಕೈಗಳು ಈಗ ಹುಡುಕಿದರೂ ಸಿಗುವುದು ಕಷ್ಟ. ಕಿತ್ತರೆ ಮತ್ತೆ ಹಾಕಿಸಲಾರೆವು.

ಒಂದು ಮಾತು ಒಪ್ಪುತ್ತೇನೆ. ಬೆಂಗಳೂರಿನ ಆರನೆಯ ಮಹಡಿಯ ಫ್ಲ್ಯಾಟ್ ಕೊಳ್ಳುವವರು ಕಣ್ಣಿಗೆ ಕಾಣುವ ಒಳಾಂಗಣಕ್ಕೇ ಬೆಲೆ ಕೊಡಬಹುದು. ಅಲ್ಲಿ ನೆಲದ ಥಂಡಿಯೂ ಏರುವುದಿಲ್ಲ. ಮಲಗುವ ಕೋಣೆಗೆ ಮರ ಹಾಕಿಸಿ ಅದರ ಮೇಲೆ ತಾವೇ ಹತ್ತು ವರ್ಷ ನಡೆದಾಡುವವರ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು, ಇನ್ನೂ ಬಾರದ ಕೊಳ್ಳುವವನ ಕಣ್ಣಿಗಾಗಿ ಇರುವ ಗಟ್ಟಿ ನೆಲವನ್ನು ಒಡೆಯುವುದರ ಬಗ್ಗೆ. ಬರುವವನಿಗೆ ಮರ ಇಷ್ಟವೋ ಗ್ರಾನೈಟ್ ಇಷ್ಟವೋ ನಮಗೇನು ಗೊತ್ತು? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾವು ಬೆಲೆ ಕಟ್ಟಲಾರದವರು; ನೆಲವನ್ನು ದೂರುತ್ತಿದ್ದೇವೆ.

ಕೊನೆಗೆ ತಮ್ಮ ನನ್ನ ಲೆಕ್ಕಕ್ಕೆ ಒಪ್ಪಿದ, ಅರ್ಧ ಮನಸ್ಸಿನಿಂದ. ತಾರಸಿಯ ಸೋರಿಕೆ ಸರಿಮಾಡಿಸಿದೆವು, ಖಾತೆಯನ್ನು ಇಬ್ಬರ ಹೆಸರಿಗೆ ಮಾಡಿಸಿದೆವು, ಗೋಡೆಗೆ ಸುಣ್ಣ ಬಣ್ಣ ಆಯಿತು. ಹಜಾರದಿಂದ ಅಡುಗೆಮನೆಗೆ ಹೋದ ಬಿರುಕನ್ನು ವಯಸ್ಸಾದ ಮೇಸ್ತ್ರಿಯೊಬ್ಬರು ಬಂದು ತುಂಬಿದರು. ಒಂದು ಭಾನುವಾರ ನಾನು, ನಾದಿನಿ ಇಬ್ಬರೂ ಕೊಬ್ಬರಿ ಎಣ್ಣೆ ಹಚ್ಚಿ ಒಣಬಟ್ಟೆಯಲ್ಲಿ ಉಜ್ಜಿದೆವು. ಎಲ್ಲ ಸೇರಿ ಲ್ಯಾಮಿನೇಟಿನ ಅರ್ಧ ಖರ್ಚೂ ಆಗಲಿಲ್ಲ.

ಮನೆ ಇನ್ನೂ ಮಾರಾಟವಾಗಿಲ್ಲ. ಜನ ಬಂದು ನೋಡಿ ಹೋಗುತ್ತಿದ್ದಾರೆ. ಬರುವವರಿಗೆ ನನ್ನದು ಒಂದೇ ಕೋರಿಕೆ. ಬೆಲೆಯ ಮಾತು ಆಮೇಲೆ, ಮೊದಲು ಚಪ್ಪಲಿ ಬಾಗಿಲಾಚೆ ಬಿಟ್ಟು ಬರಿಗಾಲಲ್ಲಿ ಒಳಗೆ ಬನ್ನಿ.