ಒಂದು ಗುಂಡಿನ ಬೆಲೆ: ರೋಣ, ನರಗುಂದದ ಮಕ್ಕಳು 10 ಮೀಟರ್‌ಗೇ ಯಾಕೆ ನಿಲ್ಲಬೇಕು?

2024ರ ಆಗಸ್ಟ್ 1ರಂದು ಪ್ಯಾರಿಸ್ ಒಲಿಂಪಿಕ್ಸ್‌ನ 50 ಮೀಟರ್ ರೈಫಲ್ ತ್ರೀ ಪೊಸಿಷನ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದರು. ಊರು ಕೊಲ್ಹಾಪುರ ಜಿಲ್ಲೆಯ ಕಂಬಳವಾಡಿ. ನಿಪ್ಪಾಣಿ ದಾಟಿದರೆ ಸಿಗುವ ಜಿಲ್ಲೆ, ನಮಗೇನೂ ಪರದೇಶ ಅಲ್ಲ. ಮರುದಿನದ ಪತ್ರಿಕೆಗಳಲ್ಲಿ ಪದಕದ ಜೊತೆಗೇ ಇನ್ನೊಂದು ಸುದ್ದಿ ಬಂತು. ಮಗನ ಅಭ್ಯಾಸಕ್ಕೆ ಗುಂಡು ಕೊಳ್ಳಲಿಕ್ಕೆ ಶಿಕ್ಷಕರಾಗಿದ್ದ ಅಪ್ಪ ಸಾಲ ಮಾಡಿದ್ದರಂತೆ. ನಾವೆಲ್ಲ ಅದನ್ನು 'ಸ್ಫೂರ್ತಿಯ ಕತೆ' ಅಂತ ವಾಟ್ಸಾಪ್‌ನಲ್ಲಿ ಫಾರ್ವರ್ಡ್ ಮಾಡಿ ಸುಮ್ಮನಾದೆವು.

ಆದರೆ ಅಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ ಇತ್ತು. ಸಾಲ ಮಾಡುವಷ್ಟು ದುಬಾರಿ ಆಗುವಂಥದ್ದು ಆ ಗುಂಡಿನಲ್ಲಿ ಏನಿದೆ? ಅದೇ ಮಗ ರೋಣದಲ್ಲೋ, ನರಗುಂದದಲ್ಲೋ, ಗಜೇಂದ್ರಗಡದ ನೇಕಾರರ ಮನೆಯಲ್ಲೋ ಹುಟ್ಟಿದ್ದರೆ ಆ ಗುಂಡು ಅವನ ಕೈಗೆ ಸಿಗ್ತಿತ್ತಾ?

ಮರುಬಳಕೆಗೆ ಬಾರದ ಗುಂಡು

ಇದರ ಹೆಸರು .22 ರಿಮ್‌ಫೈರ್. ನಮ್ಮ ಮೂರೂ ತಾಲೂಕಿನ ಎಷ್ಟೋ ಹುಡುಗ ಹುಡುಗಿಯರಿಗೆ ಇದರ ಪರಿಚಯ ಇದೆ, ಹೆಸರು ಮಾತ್ರ ಗೊತ್ತಿರಲಿಕ್ಕಿಲ್ಲ. ಕಾಲೇಜಿನ ಎನ್‌ಸಿಸಿ ಕ್ಯಾಂಪ್‌ನಲ್ಲಿ ನೆಲಕ್ಕೆ ಮಲಗಿ ಹಾರಿಸಿದ್ದು ಇದೇ ಗುಂಡು. ಬೆರಳೆಣಿಕೆಯ ಸುತ್ತು ಮುಗಿಯೋದರೊಳಗೆ 'ನೆಕ್ಸ್ಟ್' ಅಂತ ಕೂಗಿರ್ತಾರೆ.

ರಿಮ್‌ಫೈರ್ ಅಂದರೆ ಕಿಡಿ ಹೊತ್ತಿಸುವ ರಾಸಾಯನಿಕ ತೋಟಾದ ತಳದ ಅಂಚಿನೊಳಗೇ ತುಂಬಿರುತ್ತೆ. ಪಿನ್ ಆ ಅಂಚಿಗೆ ಬಡಿದಾಗ ಅಂಚು ಜಜ್ಜಿಹೋಗುತ್ತೆ. ದೊಡ್ಡ ಗುಂಡುಗಳ ಖಾಲಿ ತೋಟಾಗೆ ಹೊಸ ಪ್ರೈಮರ್ ಕೂರಿಸಿ ಮತ್ತೆ ತುಂಬಬಹುದು, ವಿದೇಶದ ಶೂಟರ್‌ಗಳು ಖರ್ಚು ಉಳಿಸೋದು ಹೀಗೇ. ರಿಮ್‌ಫೈರ್‌ನಲ್ಲಿ ಆ ದಾರಿ ಇಲ್ಲ. ಒಂದು ಸಲ ಹಾರಿಸಿದರೆ ಮುಗೀತು. ಹಾಗಾಗಿ ಕಾರ್ಖಾನೆ ತಡ ಮಾಡಿದರೆ ಅಭ್ಯಾಸ ನಿಲ್ಲುತ್ತೆ.

ಈಗ ಲೆಕ್ಕ ನೋಡೋಣ. ಪ್ಯಾರಿಸ್‌ನಲ್ಲಿ ತ್ರೀ ಪೊಸಿಷನ್‌ನ ಅರ್ಹತಾ ಸುತ್ತಿಗೇ 60 ಗುಂಡು. ಮಂಡಿಯೂರಿ 20, ಮಲಗಿ 20, ನಿಂತು 20. ಗುರಿ ಹೊಂದಿಸಲಿಕ್ಕೆ ಹಾರಿಸುವ ಗುಂಡು ಬೇರೆ. ಆ ಮಟ್ಟಕ್ಕೆ ಹೋಗಬೇಕಾದವರು ದಿನಕ್ಕೆ 100 ಗುಂಡು, ತಿಂಗಳಲ್ಲಿ 20 ದಿನ ಹಾರಿಸ್ತಾರೆ ಅಂದುಕೊಳ್ಳಿ. ಗುಂಡಿನ ಬೆಲೆ ಬ್ರ್ಯಾಂಡ್, ಆಮದಿನ ದಾರಿ ನೋಡಿ ಬದಲಾಗುತ್ತೆ. ಲೆಕ್ಕಕ್ಕೆ ಸುಲಭ ಆಗಲಿ ಅಂತ 20 ರೂಪಾಯಿ ಇಟ್ಟುಕೊಳ್ಳೋಣ. ದಿನಕ್ಕೆ 2,000 ರೂಪಾಯಿ, ತಿಂಗಳಿಗೆ 40,000.

2025-26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಅಂದರೆ ಒಂದು ದಿನದ ಅಭ್ಯಾಸಕ್ಕೆ ಐದು ದಿನಕ್ಕೂ ಹೆಚ್ಚಿನ ಕೂಲಿ ಹೋಯ್ತು. ಅದೇ ಹಂಗಾಮಿನ ಹೆಸರುಕಾಳಿನ ಬೆಂಬಲ ಬೆಲೆ ಕ್ವಿಂಟಲ್‌ಗೆ 8,768 ರೂಪಾಯಿ. ತಿಂಗಳ ಗುಂಡಿಗೆ ನಾಲ್ಕೂವರೆ ಕ್ವಿಂಟಲ್ ಹೆಸರು ಬೇಕು. ಗುಂಡಿಗೆ ಬರೀ 10 ರೂಪಾಯಿ ಏರಿದರೆ ಸುಮಾರು ಏಳು ಕ್ವಿಂಟಲ್. ಅದೂ ಬೆಂಬಲ ಬೆಲೆ ಕೈಗೆ ಸಿಕ್ಕರೆ! ಖರೀದಿ ಕೇಂದ್ರ ಯಾವಾಗ ತೆರೀತದೆ ಅಂತ ಕಾದು, ಕಡೆಗೆ ದಲ್ಲಾಳಿಗೆ ಕೊಟ್ಟು ಬರುವವರ ಲೆಕ್ಕ ಇನ್ನೂ ಕೆಳಗಿರುತ್ತೆ. ರೈಫಲ್, ಜಾಕೆಟ್, ಬೂಟು, ಕೋಚ್, ಪ್ರಯಾಣ ಇದರಲ್ಲಿ ಸೇರಿಲ್ಲ.

ಹತ್ತಿ ನಮ್ಮದು, ಮದ್ದು ಅವರದು

ಬೆಲೆ ಏರಿದ್ದು ಹೇಗೆ? 2020ರಲ್ಲಿ ಕೋವಿಡ್ ಹೆದರಿಕೆ, ಚುನಾವಣೆ, ಗಲಭೆಗಳ ನಡುವೆ ಅಮೆರಿಕದ ಜನ ಬಂದೂಕು, ಗುಂಡಿಗೆ ಮುಗಿಬಿದ್ದರು. ಜಗತ್ತಿನ ಅತಿ ದೊಡ್ಡ ಗಿರಾಕಿ ಅಂಗಡಿ ಖಾಲಿ ಮಾಡಿದರೆ ಉಳಿದವರಿಗೆ ಸಿಗೋದು ತಡವಾಗಿ, ಹೆಚ್ಚಿನ ಬೆಲೆಗೆ. ಅದು ತಣ್ಣಗಾಗುವ ಮೊದಲೇ 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನ್ ಮೇಲೆ ಯುದ್ಧ ಸಾರಿತು. ಯುರೋಪಿನಲ್ಲಿ ಮದ್ದಿನ ಕಚ್ಚಾ ಸಾಮಗ್ರಿಗೆಲ್ಲ ಸೇನೆಯೇ ಮೊದಲ ಗಿರಾಕಿ ಆಯ್ತು.

ಇಲ್ಲೊಂದು ವಿಪರ್ಯಾಸ ಇದೆ. ಗುಂಡಿನೊಳಗಿನ ಹೊಗೆರಹಿತ ಮದ್ದಿನ ಮೂಲ ನೈಟ್ರೋಸೆಲ್ಯುಲೋಸ್. ಅದನ್ನು ಮಾಡೋದು ಹತ್ತಿಬೀಜಕ್ಕೆ ಅಂಟಿಕೊಂಡಿರುವ ಗಿಡ್ಡ ಎಳೆಯಿಂದ, ವ್ಯಾಪಾರದಲ್ಲಿ ಅದಕ್ಕೆ ಲಿಂಟರ್ ಅಂತಾರೆ. ಯುರೋಪ್ ಆ ಎಳೆಗೆ ಬಹುಪಾಲು ಚೀನಾವನ್ನು ನೆಚ್ಚಿಕೊಂಡು, ಯುದ್ಧ ಬಂದಾಗ ಪರದಾಡಿತು. ನಮ್ಮ ಎರೆ ಹೊಲದಲ್ಲಿ ಹತ್ತಿ ಬೆಳೆಯುವ ಮನೆಯ ಹುಡುಗಿಗೆ ಒಂದು ಗುಂಡು ದುಬಾರಿ ಆಗಲಿಕ್ಕೆ ಎಲ್ಲೋ ಹತ್ತಿಯ ಎಳೆ ಸಾಲದೇ ಹೋದದ್ದೂ ಒಂದು ಕಾರಣ.

ಇದರ ಮೇಲೆ ರೂಪಾಯಿ ಕುಸಿತ. 2022ರ ಮಧ್ಯದಲ್ಲಿ 80 ರೂಪಾಯಿ ಆಸುಪಾಸಿದ್ದ ಯೂರೋ 2025ರಲ್ಲಿ 100 ದಾಟಿತು. ದೊಡ್ಡ ಪಂದ್ಯಗಳಲ್ಲಿ ಶೂಟರ್‌ಗಳು ನೆಚ್ಚೋದು ಇಂಗ್ಲೆಂಡಿನ ಎಲೇ, ಜರ್ಮನಿಯ ಆರ್‌ಡಬ್ಲ್ಯುಎಸ್, ಲಾಪುವಾ ಗುಂಡುಗಳನ್ನು. ಕಾರ್ಖಾನೆ ಒಂದು ಪೈಸೆ ಏರಿಸದಿದ್ದರೂ ನಮಗೆ ಕಾಲುಭಾಗ ಹೆಚ್ಚಾಯ್ತು.

ದೇಶದೊಳಗೆ? ಆರ್ಡ್‌ನೆನ್ಸ್ ಫ್ಯಾಕ್ಟರಿ ಬೋರ್ಡನ್ನು 2021ರ ಅಕ್ಟೋಬರ್‌ನಲ್ಲಿ ಏಳು ಕಂಪನಿಗಳಾಗಿ ಒಡೆದರು. ಮದ್ದುಗುಂಡಿನ ಕೆಲಸ ಪುಣೆಯ ಮ್ಯುನಿಷನ್ಸ್ ಇಂಡಿಯಾಕ್ಕೆ ಹೋಯ್ತು. 2024ರ ಫೆಬ್ರವರಿಯಲ್ಲಿ ಕಾನ್ಪುರದಲ್ಲಿ ಅದಾನಿಯವರ ದೊಡ್ಡ ಮದ್ದುಗುಂಡು ಕಾರ್ಖಾನೆ ಶುರುವಾಯ್ತು. 'ಆತ್ಮನಿರ್ಭರ' ಭಾಷಣಗಳೂ ಆದವು. ಅಲ್ಲಿನ ಮೊದಲ ಗುರಿ ಸೇನೆ, ಅರೆಸೇನೆ, ಪೊಲೀಸ್. ಒಲಿಂಪಿಕ್ ಮಟ್ಟದ .22 ಗುಂಡು ಲಾಭದ ಲೆಕ್ಕದಲ್ಲಿ ಬಹಳ ಸಣ್ಣ ಸಾಮಾನು. ಆತ್ಮನಿರ್ಭರತೆ ಅದರ ತನಕ ಇಳಿದು ಬಂದಿಲ್ಲ.

10 ಮೀಟರ್‌ನ ಗೋಡೆ

ಗುಂಡು ಸಿಗದಿದ್ದಾಗ ಜನ ಸುಮ್ಮನೆ ಕೂರಲ್ಲ, ದಾರಿ ಹುಡುಕ್ತಾರೆ. ಚೇಂಬರ್‌ನಲ್ಲಿ ಡಮ್ಮಿ ತೋಟಾ ಇಟ್ಟು, ಗುಂಡಿಲ್ಲದೇ ಟ್ರಿಗರ್ ಎಳೆಯೋ ಅಭ್ಯಾಸ ಮಾಡ್ತಾರೆ. ರಿಮ್‌ಫೈರ್‌ನಲ್ಲಿ ಡಮ್ಮಿ ಇಲ್ಲದೇ ಎಳೆದರೆ ಪಿನ್ ಚೇಂಬರ್ ಅಂಚಿಗೇ ಬಡಿದು ರೈಫಲ್ ಕೆಡಬಹುದು. ಅನುಕೂಲ ಇದ್ದವರು ಸೆನ್ಸರ್ ಕೂರಿಸಿ ಕಂಪ್ಯೂಟರ್‌ನಲ್ಲಿ ಕೈನಡುಕ ಅಳೀತಾರೆ. ಕ್ಲಬ್‌ನವರು ಸೇರಿ ಒಟ್ಟಿಗೆ ಆರ್ಡರ್ ಹಾಕ್ತಾರೆ. ದಿನಕ್ಕೆ 100 ಹಾರಿಸುವ ಬದಲು 30 ಹಾರಿಸಿ, ಪ್ರತಿಯೊಂದನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡ್ತಾರೆ.

ಎಲ್ಲಕ್ಕಿಂತ ಹೆಚ್ಚು ಜನ ಮಾಡೋದು ಏರ್ ರೈಫಲ್‌ಗೆ ಸರಿಯೋದು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಕಡಿಮೆ ಶಕ್ತಿಯ 4.5 ಮಿ.ಮೀ. ಏರ್ ಗನ್‌ಗೆ ಲೈಸೆನ್ಸ್ ಬೇಡ. ಪೆಲೆಟ್‌ಗೆ ಒಂದೆರಡು ರೂಪಾಯಿ, ಹಾಲ್‌ನಲ್ಲಿ 10 ಮೀಟರ್ ಜಾಗ ಇದ್ದರೆ ಸಾಕು. ಹುಬ್ಬಳ್ಳಿಯ ಪ್ಯಾರಾ ಶೂಟರ್ ಶ್ರೀಹರ್ಷ ದೇವರಡ್ಡಿ ಇದೇ ಏರ್ ರೈಫಲ್‌ನಲ್ಲಿ ವಿಶ್ವಕಪ್ ಚಿನ್ನ ಗೆದ್ದು ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ವರೆಗೆ ಹೋದರು. ಇದೇನೂ ಕಡಿಮೆ ದಾರಿ ಅಲ್ಲ.

ಆದರೆ ಪ್ಯಾರಿಸ್‌ನ 15 ಶೂಟಿಂಗ್ ಸ್ಪರ್ಧೆಗಳಲ್ಲಿ ಏರ್ ರೈಫಲ್, ಏರ್ ಪಿಸ್ತೂಲಿಗೆ ಇದ್ದದ್ದು ಆರು. ಐದು ಶಾಟ್‌ಗನ್, ನಾಲ್ಕು .22 ರಿಮ್‌ಫೈರ್. ಶಾಟ್‌ಗನ್ ಇನ್ನೂ ಶ್ರೀಮಂತರ ಆಟ. ಅಂದರೆ ದುಡ್ಡಿಲ್ಲದ ಮನೆಯ ಮಗುವಿಗೆ 15ರಲ್ಲಿ ಒಂಬತ್ತು ಬಾಗಿಲು ಮೊದಲೇ ಮುಚ್ಚಿರುತ್ತವೆ. ಎಲ್ಲರೂ ಉಳಿದ ಆರು ಬಾಗಿಲಲ್ಲೇ ನೂಕಾಡಬೇಕು. ನಾನು 10 ಮೀಟರ್‌ನ ಗೋಡೆ ಅನ್ನೋದು ಇದಕ್ಕೇ. ಅದನ್ನು ಕಟ್ಟಿದ್ದು ಗುಂಡಿನ ಬೆಲೆ.

ಈ ಗೋಡೆ ದಾಟಿದವರು ಯಾರು ಅಂತ ನೋಡಿ. ಒಲಿಂಪಿಕ್ಸ್‌ನಲ್ಲಿ ರಿಮ್‌ಫೈರ್ ಹಿಡಿದು ಭಾರತಕ್ಕೆ ಪದಕ ತಂದವರು ಇಬ್ಬರೇ. 2012ರ ಲಂಡನ್‌ನಲ್ಲಿ 25 ಮೀಟರ್ ರ‍್ಯಾಪಿಡ್ ಫೈರ್ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದ ವಿಜಯ್ ಕುಮಾರ್ ಸೇನೆಯವರು. ಮಧ್ಯಪ್ರದೇಶದ ಮಹೂನಲ್ಲಿರುವ ಸೇನೆಯ ಶೂಟಿಂಗ್ ಘಟಕದಲ್ಲಿ ತಯಾರಾದವರು. ಸ್ವಪ್ನಿಲ್ ಕುಸಾಳೆ ಬೆಳೆದದ್ದು ಮಹಾರಾಷ್ಟ್ರ ಸರ್ಕಾರದ ಕ್ರೀಡಾ ಪ್ರಬೋಧಿನಿಯಲ್ಲಿ, ಆಮೇಲೆ ಕೈಹಿಡಿದದ್ದು ರೈಲ್ವೆ ನೌಕರಿ. ಅಪ್ಪನ ಸಾಲದ ಕತೆ ನಿಜ. ಆದರೆ ಆ ಸಾಲ ವ್ಯರ್ಥ ಆಗದಂತೆ ಹಿಂದೆ ಒಂದು ಸಾರ್ವಜನಿಕ ವ್ಯವಸ್ಥೆ ನಿಂತಿತ್ತು. ಇಬ್ಬರ ಪದಕದಲ್ಲೂ ಸರ್ಕಾರದ ಪಾಲಿದೆ. 'ಬಡತನ ಮೆಟ್ಟಿ ನಿಂತ ಛಲಗಾರ' ಅಂತ ಬರೆದು ನಾವು ಅಳಿಸಿಹಾಕೋದು ಇದನ್ನೇ.

ನರಗುಂದದಲ್ಲಿ ಗುಂಡಿನ ಮಾತಾ?

ಇಷ್ಟು ಓದಿದ ಮೇಲೆ ನಿಮ್ಮಲ್ಲಿ ಕೆಲವರಿಗೆ ಸಿಟ್ಟು ಬಂದಿರಬಹುದು. ಮಹದಾಯಿ ನೀರಿಗಾಗಿ 2015ರಿಂದ ಧರಣಿ ಕೂತ ಊರು ನರಗುಂದ. 1980ರ ಜುಲೈ 21ರಂದು ಮಲಪ್ರಭಾ ಕಾಲುವೆಯ ಅಭಿವೃದ್ಧಿ ಕರದ ವಿರುದ್ಧ ಎದ್ದ ರೈತರ ಮೇಲೆ ಗೋಲಿಬಾರ್ ಆದ ಊರು. ಅಲ್ಲಿ ಹೋಗಿ ಸರ್ಕಾರ ಗುಂಡು ಕೊಡಿಸಲಿ ಅಂದರೆ ಹೇಗೆ? ನೀರು ಮೊದಲಲ್ಲವಾ?

ಮೊದಲು ನೀರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ರೇಂಜ್‌ನ ಗುಂಡಿನ ಖರ್ಚಿಗೂ ಕಳಸಾ ಬಂಡೂರಿ ನಿಂತಿರೋದಕ್ಕೂ ಸಂಬಂಧ ಇಲ್ಲ. 'ನಿಮಗೆ ನೀರೇ ಇಲ್ಲ, ಆಟ ಯಾಕೆ' ಅನ್ನೋ ತರ್ಕವನ್ನು ಬೆಂಗಳೂರಿನ ಮಕ್ಕಳಿಗೆ ಯಾರೂ ಹೇಳಲ್ಲ. ನಾವು ನಮ್ಮ ಮಕ್ಕಳಿಗೆ ನಾವೇ ಹೇಳಿಕೊಳ್ಳೋದು ಬೇಡ.

ಎರಡನೇ ಆಕ್ಷೇಪ ಇದಕ್ಕಿಂತ ಗಟ್ಟಿ. 2015ರಲ್ಲಿ ಧಾರವಾಡದ ಮನೆಬಾಗಿಲಲ್ಲೇ ಎಂ.ಎಂ. ಕಲಬುರ್ಗಿಯವರನ್ನು, 2017ರಲ್ಲಿ ಬೆಂಗಳೂರಲ್ಲಿ ಗೌರಿ ಲಂಕೇಶರನ್ನು ಗುಂಡಿಕ್ಕಿ ಕೊಂದ ನಾಡು ಇದು. ಗುಂಡು ಸುಲಭವಾಗಿ ಸಿಗಲಿ ಅನ್ನೋ ಮಾತು ಇಲ್ಲಿ ಹಗುರವಾಗಿ ಆಡುವಂಥದ್ದಲ್ಲ. ನಾನು ಹಾಗೆ ಹೇಳ್ತಾನೂ ಇಲ್ಲ. ತನಿಖೆ ಹೇಳಿದಂತೆ ಆ ಕೊಲೆಗಳಿಗೆ ಬಳಸಿದ್ದು ನಾಡ ಪಿಸ್ತೂಲು, ಅಂದರೆ ಯಾವ ರಿಜಿಸ್ಟರ್‌ನಲ್ಲೂ ಇಲ್ಲದ್ದು. ಲೈಸೆನ್ಸ್ ಇದ್ದವರಿಗೆ ಒಮ್ಮೆಗೆ ಎಷ್ಟು ಗುಂಡು, ವರ್ಷಕ್ಕೆ ಎಷ್ಟು ಅಂತ ಬರೆದೇ ಕೊಟ್ಟಿರ್ತಾರೆ. ಆ ಲೆಕ್ಕ ಬಿಗಿಯಾಗಿಯೇ ಇರಬೇಕು.

ಲೆಕ್ಕದ ಹಿಂದಿನ ಇತಿಹಾಸವೂ ನರಗುಂದಕ್ಕೆ ಹೊಸದಲ್ಲ. 1857ರಲ್ಲಿ ಕಂಪನಿ ಸರ್ಕಾರ ಜನರ ಆಯುಧ ಕಸಿಯಲು ಕಾಯ್ದೆ ತಂದಾಗ ಹಲಗಲಿಯ ಬೇಡರು ಎದುರು ನಿಂತರು. ಮರುವರ್ಷ ನರಗುಂದದ ಬಾಬಾಸಾಹೇಬ ದಂಗೆ ಎದ್ದು ಗಲ್ಲಿಗೇರಿದ. 1878ರ ಕಾಯ್ದೆ ಭಾರತೀಯರಿಗೆ ಲೈಸೆನ್ಸ್ ಕಡ್ಡಾಯ ಮಾಡಿ, ಯುರೋಪಿಯನ್ನರಿಗೆ ವಿನಾಯಿತಿ ಕೊಟ್ಟಿತು. ಆ ಬಣ್ಣದ ಭೇದ ಆಮೇಲೆ ಹೋಯಿತು. ದುಡ್ಡಿನ ಭೇದ ಉಳಿಯಿತು. 2020ರಲ್ಲಿ ಕೇಂದ್ರ ಗೃಹ ಸಚಿವಾಲಯ ಕ್ರೀಡಾ ಶೂಟರ್‌ಗಳ ವಾರ್ಷಿಕ ಗುಂಡಿನ ಮಿತಿಯನ್ನು ಏರಿಸಿತು. ಒಳ್ಳೆಯದೇ. ಆದರೆ ಮಿತಿ ಏರಿಸಿದರೆ ಲಾಭ ಕೊಳ್ಳುವ ತಾಕತ್ತು ಇದ್ದವರಿಗೆ. ನೂರು ಗುಂಡಿಗೂ ದುಡ್ಡಿಲ್ಲದವರಿಗೆ ಸಾವಿರಾರು ಗುಂಡಿನ ಅನುಮತಿ ಸಿಕ್ಕರೆ ಏನು ಬಂತು?

ಕೇಳಬೇಕಾದದ್ದು ಏನು

ಗುಂಡು ಮನೆಗೆ ಬೇಡ, ರೇಂಜ್‌ನಲ್ಲಿರಲಿ. ಕಾನೂನಿನಲ್ಲಿ ಇದಕ್ಕೆ ಈಗಲೇ ದಾರಿ ಇದೆ. ಲೈಸೆನ್ಸ್ ಇರುವ ರೈಫಲ್ ಕ್ಲಬ್ ತನ್ನ ಬಂದೂಕು, ತನ್ನ ಗುಂಡಿನಲ್ಲಿ ಸದಸ್ಯರಿಗೆ ಮೇಲ್ವಿಚಾರಣೆಯಲ್ಲಿ ತರಬೇತಿ ಕೊಡಬಹುದು. ಹುಬ್ಬಳ್ಳಿ-ಧಾರವಾಡದಲ್ಲಿ ಕ್ರೀಡಾ ಇಲಾಖೆಯದ್ದೇ ಒಂದು .22 ರೇಂಜ್ ನಡೆಯಲಿ. ಗುಂಡು ಇಲಾಖೆಯೇ ಕೊಳ್ಳಲಿ, ವರ್ಷಕ್ಕೊಮ್ಮೆ ಒಟ್ಟಿಗೆ ಟೆಂಡರ್ ಕರೆದು. ಎಷ್ಟು ಬಂತು, ಎಷ್ಟು ಹಾರಿತು, ಯಾರ ಹೆಸರಲ್ಲಿ ಅನ್ನೋ ಲೆಕ್ಕ ಪೊಲೀಸರ ಮುಂದೂ ಇರಲಿ, ಒಟ್ಟು ಅಂಕಿ ಸಾರ್ವಜನಿಕರಿಗೂ ಸಿಗಲಿ. ಮನೆಯಲ್ಲಿ ಗುಂಡು ಇಟ್ಟುಕೊಳ್ಳುವ ಪದ್ಧತಿಗಿಂತ ಇದು ಸುರಕ್ಷಿತ, ಬಡವರಿಗೂ ಎಟಕುವಂಥದ್ದು.

ತಾಲೂಕು ಮಟ್ಟದಲ್ಲಿ ಏರ್ ರೈಫಲ್ ಸಾಕು. ರೋಣ, ನರಗುಂದ, ಗಜೇಂದ್ರಗಡದ ಒಂದೊಂದು ಸರ್ಕಾರಿ ಕಾಲೇಜಿನ ಹಾಲ್‌ನಲ್ಲಿ 10 ಮೀಟರ್ ಲೇನ್ ಹಾಕಿ, ಅಲ್ಲಿ ಚೆನ್ನಾಗಿ ಹೊಡೆದವರನ್ನು ಹುಬ್ಬಳ್ಳಿಗೆ ಕಳಿಸಲಿ. ಎನ್‌ಸಿಸಿ ಕೆಡೆಟ್‌ಗಳಲ್ಲಿ ಯಾರ ಗುಂಪು ಬಿಗಿಯಾಗಿ ಬಿತ್ತು ಅನ್ನೋ ಟಾರ್ಗೆಟ್ ಕಾಗದ ಕ್ಯಾಂಪ್‌ನಲ್ಲೇ ಕಸ ಆಗೋ ಬದಲು, ಅದೇ ಮೊದಲ ಆಯ್ಕೆ ಪಟ್ಟಿ ಆಗಲಿ. ಸೇನೆಯ ಹೆಸರಲ್ಲಿ ಕೋಟಿಗಟ್ಟಲೆ ಗುಂಡು ಮಾಡುವ ಸರ್ಕಾರಿ ಕಂಪನಿ ಪಂದ್ಯದ ದರ್ಜೆಯ .22 ಯಾವಾಗ ಮಾಡುತ್ತೆ ಅಂತ ನಮ್ಮ ಸಂಸದರು ಲೋಕಸಭೆಯಲ್ಲಿ ಕೇಳಲಿ.

ಸೈಕ್ಲಿಂಗ್, ಕುಸ್ತಿ, ಹಾಕಿ ಅಂದರೆ ಗದಗದ ಹೆಸರು ಬರುತ್ತೆ. ಮಕ್ಕಳಿಗೆ ಕೈ, ಕಣ್ಣು, ಉಸಿರಿನ ಹಿಡಿತ ಇಲ್ಲ ಅಂತಲ್ಲ. ಗುಂಡಿನ ಲೆಕ್ಕ ಕೇಳುವ ಹಕ್ಕು ಸರ್ಕಾರಕ್ಕಿದೆ, ಕೇಳಲಿ. ಆ ಗುಂಡಿನ ಬೆಲೆ ಯಾರು ಕೊಡ್ತಿದ್ದಾರೆ ಅಂತ ಕೇಳುವ ಹಕ್ಕು ನಮಗೂ ಇದೆ. ಮುಂದಿನ ಸಲ ಯಾರದೋ ಅಪ್ಪ ಸಾಲ ಮಾಡಿದ ಕತೆ ಫಾರ್ವರ್ಡ್ ಆಗಿ ಬಂದಾಗ ಚಪ್ಪಾಳೆ ಇಮೋಜಿ ಒತ್ತುವ ಮೊದಲು ಒಂದು ಪ್ರಶ್ನೆ ಹಾಕಿ: ಆ ಸಾಲ ಅವರ ತಲೆ ಮೇಲೆ ಯಾಕೆ ಬಿತ್ತು?