ಮಗುವಿನ ಮನೋವ್ಯಥೆ ಮತ್ತು ಸರಕಾರದ ಹೊಣೆ

ಸಂತ ಮಾರ್ಕನ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿ ತಂದೆಯೊಬ್ಬ ತನ್ನ ಮಗನನ್ನು ಯೇಸುಸ್ವಾಮಿಯ ಬಳಿಗೆ ಕರೆತರುತ್ತಾನೆ. ಹುಡುಗ ನೆಲಕ್ಕೆ ಬಿದ್ದು ಹೊರಳಾಡುತ್ತಿದ್ದಾನೆ. ಸುತ್ತಲೂ ಜನರು ಗುಂಪುಗೂಡಿ ನೋಡುತ್ತಿದ್ದಾರೆ. ಗುಣಪಡಿಸುವ ಮುನ್ನ ಪ್ರಭುಗಳು, ಈ ಬಾಧೆ ಎಂದಿನಿಂದ ಎಂದು ತಂದೆಯನ್ನು ವಿಚಾರಿಸುತ್ತಾರೆ. ಆತ ಮಗನ ಬಾಲ್ಯದ ಕಥೆಯನ್ನೂ ತನ್ನ ಅಸಹಾಯಕತೆಯನ್ನೂ ತೋಡಿಕೊಳ್ಳುತ್ತಾನೆ. ಅಂದು ಗುಣವಾದವನು ಮಗನಾದರೂ ಪ್ರಭುಗಳು ಆಲಿಸಿದ್ದು ಇಡೀ ಮನೆಯ ಸಂಕಟವನ್ನು. ನಮ್ಮ ಸರಕಾರಿ ಆಸ್ಪತ್ರೆಗಳಲ್ಲಿ ಮಗುವಿನ ಮನೋವ್ಯಥೆಗೆ ಇಂತಹ ಕಿವಿ ದೊರೆಯುತ್ತಿದೆಯೇ ಎಂಬುದನ್ನು ಈ ವಾರ ಪರಿಶೀಲಿಸೋಣ.

ಸಮಸ್ಯೆ ಸಣ್ಣದಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದವರಲ್ಲಿ ಶೇ. 7.3ರಷ್ಟು ಮಂದಿ ಒಂದಿಲ್ಲೊಂದು ಮಾನಸಿಕ ತೊಂದರೆಗೆ ಒಳಗಾಗಿದ್ದರು. ನಲವತ್ತು ಮಕ್ಕಳ ತರಗತಿಯೊಂದರಲ್ಲಿ ಸುಮಾರು ಮೂವರು ಎಂದರ್ಥ. ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯ ವರದಿಯಂತೆ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಪ್ರಾಣ ಕಳೆದುಕೊಂಡರು. ಈ ಸಂಖ್ಯೆಯಲ್ಲಿ ನಮ್ಮ ಶಾಲಾ ಕಾಲೇಜುಗಳ ಮಕ್ಕಳು ಇರಲಾರರೆಂದು ಭಾವಿಸುವುದು ಆತ್ಮವಂಚನೆಯಾದೀತು.

ಸರಕಾರ ಏನನ್ನೂ ಮಾಡಿಲ್ಲವೆಂದು ನಾವು ಹೇಳುತ್ತಿಲ್ಲ. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಅದನ್ನು ಹಳ್ಳಿಗೆ ಕೊಂಡೊಯ್ಯುವ ದಾರಿಯನ್ನು ದೇಶಕ್ಕೆ ತೋರಿಸಿಕೊಟ್ಟದ್ದು ನಮ್ಮ ಬಳ್ಳಾರಿ ಜಿಲ್ಲೆ. 1985ರಿಂದ 1990ರವರೆಗೆ ನಿಮ್ಹಾನ್ಸ್ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ನೀಡಿ ನಡೆಸಿದ ಪ್ರಯೋಗವೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಆದರೆ ಆ ಯೋಜನೆಯ ಮುಖ್ಯ ಗುರಿ ತೀವ್ರ ಮನೋರೋಗ ಮತ್ತು ಅಪಸ್ಮಾರದಿಂದ ಬಳಲುವವರಿಗೆ ಊರ ಸಮೀಪದಲ್ಲೇ ಔಷಧಿ ಒದಗಿಸುವುದಾಗಿತ್ತು. ಅಂದಿನ ಸ್ಥಿತಿಯಲ್ಲಿ ಅದು ಸರಿಯಾದ ಆದ್ಯತೆಯೇ. ಶಾಲೆಗಳಲ್ಲಿ ಜೀವನ ಕೌಶಲ ಶಿಕ್ಷಣದಂತಹ ಅಂಶಗಳು ಆಮೇಲೆ ಸೇರಿಕೊಂಡರೂ ಕಾರ್ಯಕ್ರಮದ ಮೂಲ ಚೌಕಟ್ಟು ವಯಸ್ಕ ರೋಗಿಯ ಸುತ್ತಲೇ ಉಳಿಯಿತು. ಜಿಲ್ಲಾ ತಂಡದಲ್ಲಿ ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು, ದಾದಿಯರು ಇರುತ್ತಾರೆ. ಮಕ್ಕಳಿಗೆಂದೇ ಮೀಸಲಾದ ತಜ್ಞರ ಹುದ್ದೆ ಇಲ್ಲ.

ಮಗುವಿನ ತೊಂದರೆ ವಯಸ್ಕರ ತೊಂದರೆಯಂತೆ ಕಾಣಿಸಿಕೊಳ್ಳುವುದಿಲ್ಲ. ಅದು ಬೆಳಗಿನ ಹೊಟ್ಟೆನೋವಾಗಿ, ಶಾಲೆಗೆ ಹೋಗಲೊಲ್ಲೆನೆಂಬ ಹಟವಾಗಿ, ಮತ್ತೆ ಆರಂಭವಾದ ಹಾಸಿಗೆ ಒದ್ದೆಯಾಗಿ, ಕುಸಿಯುವ ಅಂಕಗಳಾಗಿ ಬರುತ್ತದೆ. ಇದನ್ನು ಮೊದಲು ಕಾಣುವವರು ತಾಯಿ, ಅಂಗನವಾಡಿ ಕಾರ್ಯಕರ್ತೆ, ತರಗತಿಯ ಶಿಕ್ಷಕಿ. ಇವರಲ್ಲಿ ಒಬ್ಬರು ಮಹಿಳಾ ಮತ್ತು ಮಕ್ಕಳ ಇಲಾಖೆಗೆ, ಇನ್ನೊಬ್ಬರು ಶಿಕ್ಷಣ ಇಲಾಖೆಗೆ ಸೇರಿದವರು. ಮನೋವೈದ್ಯರಿರುವುದು ಆರೋಗ್ಯ ಇಲಾಖೆಯಲ್ಲಿ. ಶಿಕ್ಷಕಿ ಕಂಡದ್ದು ವೈದ್ಯರಿಗೆ ತಲುಪುವ ಗೊತ್ತಾದ ದಾರಿಯಿಲ್ಲ. ತಾಯಿ ಒಂದು ದಿನದ ಕೂಲಿ ಬಿಟ್ಟು, ಮಗುವಿನ ಶಾಲೆ ತಪ್ಪಿಸಿ, ಬಸ್ಸು ಹಿಡಿದು ಜಿಲ್ಲಾ ಆಸ್ಪತ್ರೆಗೆ ಹೋದರೆ ವಯಸ್ಕ ರೋಗಿಗಳ ಸಾಲಿನಲ್ಲೇ ನಿಲ್ಲಬೇಕಾಗುತ್ತದೆ. ಅಂತಹ ದಟ್ಟಣೆಯಲ್ಲಿ ಮಗುವಿನ ಮಾತನ್ನು ಬಿಡಿಸಿ ಕೇಳಲು ವೈದ್ಯರಿಗಾದರೂ ಸಮಯವೆಲ್ಲಿ?

ಹಾಗಾದರೆ ಕಾನೂನು ಏನನ್ನುತ್ತದೆ? 2018ರಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಸರಕಾರಿ ಚಿಕಿತ್ಸೆಯನ್ನು ಪ್ರತಿಯೊಬ್ಬರ ಹಕ್ಕೆಂದು ಸಾರಿದೆ. ಒದಗಿಸಲೇಬೇಕಾದ ಸೇವೆಗಳ ಪಟ್ಟಿಯಲ್ಲಿ ಮಕ್ಕಳ ಮಾನಸಿಕ ಆರೋಗ್ಯ ಸೇವೆಯನ್ನೂ ರೋಗಿಯ ಕುಟುಂಬಕ್ಕೆ ಆಸರೆಯನ್ನೂ ಸ್ಪಷ್ಟವಾಗಿ ಹೆಸರಿಸಿದೆ. ಸೇವೆಗಾಗಿ ಜನರು ದೂರದೂರಿಗೆ ಅಲೆಯುವಂತಾಗಬಾರದು ಎಂದಿದೆ. ಬಾಲಕರನ್ನು ಆಸ್ಪತ್ರೆಗೆ ಸೇರಿಸುವುದು ಅಪರೂಪದ ಸಂದರ್ಭಗಳಲ್ಲಿ ಮಾತ್ರ. ಸೇರಿಸಿದರೂ ವಯಸ್ಕರಿಂದ ಪ್ರತ್ಯೇಕವಾಗಿ, ಮನೆಯವರೊಬ್ಬರ ಜೊತೆಯಲ್ಲಿಯೇ ಇರಿಸಬೇಕು. ಚಿಕಿತ್ಸೆಯಲ್ಲಿರುವ ತಾಯಿಯಿಂದ ಮೂರು ವರ್ಷದೊಳಗಿನ ಕೂಸನ್ನು ಸಾಮಾನ್ಯವಾಗಿ ಅಗಲಿಸಕೂಡದು. ಜನಸಂಖ್ಯೆಗೆ ತಕ್ಕಷ್ಟು ತಜ್ಞರನ್ನು ಹತ್ತು ವರ್ಷಗಳಲ್ಲಿ ಹೊಂದಲು ಸರಕಾರಗಳು ಶ್ರಮಿಸಬೇಕೆಂದೂ ಹೇಳಿದೆ. ಆ ಅವಧಿ ಮುಗಿಯುವುದು 2028ರಲ್ಲಿ. ಆದುದರಿಂದ ನಾವು ಕೇಳುವುದು ಹೊಸ ಕಾನೂನನ್ನಲ್ಲ, ಇರುವ ಕಾನೂನಿನ ಪಾಲನೆಯನ್ನು.

ಕುಟುಂಬವನ್ನು ಜೊತೆಗಿರಿಸಿಕೊಂಡು ಚಿಕಿತ್ಸೆ ನೀಡುವುದು ನಮಗೆ ಪರದೇಶದ ಪಾಠವೂ ಅಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರರು ರೋಗಿಗಳ ಮನೆಯವರಿಗೆ ಆವರಣದಲ್ಲೇ ಡೇರೆಗಳಲ್ಲಿ ತಂಗಲು ಅನುವು ಮಾಡಿಕೊಟ್ಟರು. ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನ ಮಾನಸಿಕ ಆರೋಗ್ಯ ಕೇಂದ್ರವೂ ಮನೆಯವರು ರೋಗಿಯೊಡನೆ ಉಳಿಯುವ ಪದ್ಧತಿಯನ್ನು ಬೆಳೆಸಿತು. ಮಕ್ಕಳ ವಿಷಯದಲ್ಲಂತೂ ಇದು ಅನಿವಾರ್ಯ. ತಂದೆಯ ಕುಡಿತ ಮುಂದುವರಿದಿರುವಾಗ, ಹೆರಿಗೆಯ ನಂತರದ ಖಿನ್ನತೆಯಿಂದ ತಾಯಿ ನಲುಗಿರುವಾಗ, ಮಗುವೊಂದಕ್ಕೇ ಮಾತ್ರೆ ಕೊಟ್ಟು ಕಳುಹಿಸಿದರೆ ಫಲವೇನು?

ಆದುದರಿಂದ ಸುಧಾರಣೆ ಮೂರು ಕಡೆ ಆಗಬೇಕೆಂಬುದು ನಮ್ಮ ಅಭಿಪ್ರಾಯ. ಮೊದಲನೆಯದಾಗಿ, ಪ್ರತಿ ಜಿಲ್ಲಾ ತಂಡದಲ್ಲಿ ಮಕ್ಕಳ ಚಿಕಿತ್ಸೆಯಲ್ಲಿ ತರಬೇತಾದವರಿರಬೇಕು. ಕರ್ನಾಟಕದಲ್ಲಿ ಕಳೆದ ದಶಕದಲ್ಲಿ ಮನೋಚೈತನ್ಯ ಯೋಜನೆಯಡಿ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಚಿಕಿತ್ಸೆ ಆರಂಭವಾಯಿತು. ಅದೇ ರೀತಿ ಮಕ್ಕಳಿಗೆಂದೇ ಗೊತ್ತಾದ ದಿನ, ಶಾಲೆ ಬಿಟ್ಟ ಬಳಿಕದ ಹೊತ್ತಿನಲ್ಲಿ ಬೇಕು. ಎರಡನೆಯದಾಗಿ, ಶಿಕ್ಷಕಿಯಿಂದ ವೈದ್ಯರವರೆಗೆ, ಹೆತ್ತವರ ಒಪ್ಪಿಗೆಯಿಂದ ಮತ್ತು ಗೋಪ್ಯತೆಗೆ ಭಂಗ ಬಾರದಂತೆ ಸಾಗುವ ದಾರಿಯನ್ನು ಮೂರೂ ಇಲಾಖೆಗಳು ಕೂಡಿ ರೂಪಿಸಬೇಕು. 2013ರಿಂದ ಶಾಲೆ, ಅಂಗನವಾಡಿಗಳಿಗೆ ಬರುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯ ತಂಡಗಳು ಇದಕ್ಕೆ ಸಿದ್ಧವಾದ ಬುನಾದಿ. ಮೂರನೆಯದಾಗಿ, ತಂದೆ ತಾಯಿಯರೊಡನೆ ಕಳೆಯುವ ಸಮಾಲೋಚನೆಯ ಸಮಯವನ್ನೂ ಚಿಕಿತ್ಸೆಯೆಂದೇ ಲೆಕ್ಕಕ್ಕೆ ಹಿಡಿಯಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಉಚಿತ ದೂರವಾಣಿ ಸೇವೆ, 14416, ಹಗಲಿರುಳೂ ನೆರವಾಗುತ್ತದೆ. ಪ್ರತಿ ಮನೆಯಲ್ಲೂ ಈ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಆದರೆ ದೂರವಾಣಿಯ ಕರೆ ಕೊನೆಗೆ ತಲುಪಬೇಕಾದ್ದು ಸಮೀಪದ ವೈದ್ಯರನ್ನೇ. ಅವರಿಲ್ಲದಿದ್ದರೆ ಕರೆಯಿಂದ ದೊರೆತ ಧೈರ್ಯ ಬಹುಕಾಲ ಬಾಳದು.

ಸರಕಾರದತ್ತ ಬೆರಳು ತೋರಿಸಿ ನಾವು ಕೈತೊಳೆದುಕೊಳ್ಳುವಂತಿಲ್ಲ. ನಾಳೆ ಮದುವೆಯ ಸಂಬಂಧ ತಪ್ಪೀತೆಂಬ ಭಯದಿಂದ ಮಗಳ ಸಂಕಟವನ್ನು ಮುಚ್ಚಿಡುವ ಕುಟುಂಬಗಳು ನಮ್ಮ ಧರ್ಮಕೇಂದ್ರಗಳಲ್ಲೂ ಇವೆ. ಒಂದು ಧ್ಯಾನಕೂಟದಿಂದ ಇನ್ನೊಂದಕ್ಕೆ ಮಗುವನ್ನು ಕರೆದೊಯ್ದು ವೈದ್ಯರ ಬಳಿಗೆ ತಡವಾಗಿ ಬರುವವರೂ ಇದ್ದಾರೆ. ಪ್ರಾರ್ಥನೆ ಬೇಕು, ಆದರೆ ವೈದ್ಯನನ್ನೂ ಮದ್ದನ್ನೂ ಸೃಷ್ಟಿಸಿದವರು ದೇವರೇ ಎಂಬ ಸಿರಾಖನ ಬೋಧನೆ ನಮ್ಮ ಬೈಬಲಿನಲ್ಲಿಯೇ ಇದೆ. ಹಿಂದೆ ಆತ್ಮಹತ್ಯೆ ಮಾಡಿಕೊಂಡವರಿಗೆ ಧಾರ್ಮಿಕ ಅಂತ್ಯಕ್ರಿಯೆಯನ್ನು ನಿರಾಕರಿಸುತ್ತಿದ್ದ ನಿಯಮವು 1983ರ ಧರ್ಮಸಭಾ ಕಾನೂನಿನಲ್ಲಿ ಉಳಿದಿಲ್ಲ. ತೀವ್ರ ಮಾನಸಿಕ ವ್ಯಥೆಯು ಅಂತಹವರ ಹೊಣೆಗಾರಿಕೆಯನ್ನು ತಗ್ಗಿಸಬಹುದೆಂದು 1992ರ ಧರ್ಮೋಪದೇಶ ಗ್ರಂಥವೂ ಒಪ್ಪಿದೆ. ಧರ್ಮಸಭೆಯೇ ಕರುಣೆಯಿಂದ ಕಂಡವರನ್ನು ನೆರೆಹೊರೆಯವರಾದ ನಾವು ತೀರ್ಪಿನ ಕಣ್ಣಿನಿಂದ ನೋಡುವುದು ಸಲ್ಲದು. ನಮ್ಮ ಶಾಲೆಗಳೂ ತೊಂದರೆಯಲ್ಲಿರುವ ಮಗುವಿನ ಕೈಗೆ ವರ್ಗಾವಣೆ ಪತ್ರ ಕೊಡುವ ಮುನ್ನ ಆಪ್ತ ಸಮಾಲೋಚಕರೊಬ್ಬರನ್ನು ಒದಗಿಸಲಿ.

ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಔಷಧಾಲಯ ತೆರೆದ ಫಾದರ್ ಮುಲ್ಲರರು ಹತ್ತು ವರ್ಷಗಳ ಬಳಿಕ ಕುಷ್ಠರೋಗಿಗಳಿಗೂ ಆಶ್ರಯ ಕಟ್ಟಿದರು. ಮನೆಯವರೂ ಹೆಸರೆತ್ತಲು ನಾಚುತ್ತಿದ್ದ ಕಾಯಿಲೆ ಅದು. ಇಂದು ಅದೇ ನಾಚಿಕೆ ಮನಸ್ಸಿನ ಕಾಯಿಲೆಗೆ ಅಂಟಿಕೊಂಡಿದೆ. ಗ್ರಾಮಸಭೆಯಲ್ಲಿ, ಶಾಸಕರ ಮುಂದೆ, ಶಾಲಾ ಪೋಷಕರ ಸಭೆಯಲ್ಲಿ ಈ ಸೇವೆಗಳನ್ನು ಹಕ್ಕೆಂದು ಕೇಳಲು ಕಥೋಲಿಕ ಕುಟುಂಬಗಳು ಮುಂದಾದರೆ, ಕೇಳುವ ಧೈರ್ಯವಿಲ್ಲದ ಎಲ್ಲ ಮತದ ತಾಯಂದಿರಿಗೂ ಅದರಿಂದ ಉಪಕಾರವಾದೀತು.